ಗೊಮ್ಮಟ ಪ್ರತಿಷ್ಠೆಯ ದಿನ: ಆಚರಣೆ ಮತ್ತು ಆಧಾರ

ಚಾರಿತ್ರಿಕ ಘಟನೆಯೊಂದರ ವಾರ್ಷಿಕೋತ್ಸವವನ್ನು ಆಚರಿಸಲು ಮೊದಲು ಬೇಕಾಗುವುದು ದಿನಾಂಕ. ಆಧುನಿಕ ಕಾಲದ ಆಚರಣೆಗಳಲ್ಲಿ ಈ ತೊಡಕು ಅಷ್ಟಾಗಿ ಎದುರಾಗುವುದಿಲ್ಲ. ನವೆಂಬರ್ 1ರ ಕನ್ನಡ ರಾಜ್ಯೋತ್ಸವಕ್ಕೆ 1956ರ ರಾಜ್ಯ ಪುನರ್ವಿಂಗಡಣೆ ಆಧಾರ. ಫೆಬ್ರವರಿ 27ರ ಮರಾಠಿ ಭಾಷಾ ದಿನಕ್ಕೆ 1912ರಲ್ಲಿ ಜನಿಸಿದ ಕವಿ ಕುಸುಮಾಗ್ರಜರ ಜನ್ಮದಿನ ಆಧಾರ. ಮಧ್ಯಯುಗದ ಕಡೆಗೆ ಸರಿದಂತೆ ಆಚರಣೆ ಮುಂದಾಗಿ ಆಧಾರ ಹಿಂದುಳಿಯುವ ಸಂದರ್ಭಗಳು ಹೆಚ್ಚುತ್ತವೆ. ಅಂಥವುಗಳಲ್ಲಿ ಶ್ರವಣಬೆಳಗೊಳದ ಗೊಮ್ಮಟೇಶ್ವರ ಪ್ರತಿಷ್ಠೆಯ ದಿನ ಮುಖ್ಯವಾದುದು.

1981ರ ಫೆಬ್ರವರಿ 22ರಂದು ನಡೆದ ಮಹಾಮಸ್ತಕಾಭಿಷೇಕವನ್ನು ಪ್ರತಿಷ್ಠಾಪನೆಯ ಸಹಸ್ರಾಬ್ದಿ ಮಹೋತ್ಸವವಾಗಿ ದೇಶವೇ ಆಚರಿಸಿತು. ಇದಕ್ಕೆ ಹಿನ್ನೆಲೆಯಾಗಿದ್ದುದು ಗೋವಿಂದ ಪೈ ಮೊದಲಾದವರು ನಿರ್ಣಯಿಸಿದ ಕ್ರಿ.ಶ. 981ರ ಮಾರ್ಚ್ 13 ಎಂಬ ದಿನಾಂಕ. ಈ ನಿರ್ಣಯದ ಮೂಲ ಶಾಸನವಲ್ಲ, ಪ್ರತಿಷ್ಠೆಗೆ ಬಹುಕಾಲದ ನಂತರ ರಚಿತವಾದ ಬಾಹುಬಲಿ ಚರಿತೆಯೆಂಬ ಸಂಸ್ಕೃತ ಕೃತಿ ಎಂಬುದು ಗಮನಾರ್ಹ. ಅದರ ಪ್ರಕಾರ ಪ್ರತಿಷ್ಠೆ ನಡೆದುದು ಕಲ್ಕಿ ವರ್ಷ 600, ವಿಭವ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಭಾನುವಾರ. ಕಲ್ಕಿಶಕದ ಆರಂಭದ ಬಗ್ಗೆಯೇ ಏಕಾಭಿಪ್ರಾಯವಿಲ್ಲವಾದ ಕಾರಣ ಉಳಿದ ಮೂರು ಅಂಶಗಳನ್ನು ಮಾತ್ರ ಪರೀಕ್ಷೆಗೆ ಒಡ್ಡಬಹುದು.

ಗಣಿತದಿಂದ ನೋಡಿದರೆ 981ರ ಮಾರ್ಚ್ 13 ಭಾನುವಾರವೇ. ತಿಥಿಯೂ ಚೈತ್ರ ಶುದ್ಧ ಪಂಚಮಿಯೇ. ಆದರೆ ದಕ್ಷಿಣದ ಎಣಿಕೆಯಲ್ಲಿ ಆ ವರ್ಷ ವೃಷ ಸಂವತ್ಸರ, ವಿಭವವಲ್ಲ. ವಿಭವ ಬರುವುದು 968ರಲ್ಲಿ, ಮತ್ತೆ ಅರವತ್ತು ವರ್ಷಗಳ ಅನಂತರ 1028ರಲ್ಲಿ. 968ರಲ್ಲಿ ಆ ತಿಥಿ ಭಾನುವಾರ ಬೀಳುವುದಿಲ್ಲ. 1028ರ ಮಾರ್ಚ್ 3ರಂದಾದರೋ ಸಂವತ್ಸರ, ತಿಥಿ, ವಾರ ಮೂರೂ ಕೂಡಿಬರುತ್ತವೆ. ಈ ಹೊಂದಾಣಿಕೆಯಿಂದಲೇ ಕೆಲವು ವಿದ್ವಾಂಸರು 1028ನ್ನು ಎತ್ತಿಹಿಡಿದರು. ಒಂದು ತಿಥಿ ಗೊತ್ತಾದ ಒಂದು ವಾರದೊಡನೆ ಸರಾಸರಿ ಏಳು ವರ್ಷಗಳಿಗೊಮ್ಮೆ ಕೂಡುತ್ತದೆ ಎಂಬುದನ್ನು ನೆನೆದರೆ, 981ರ ಪರವಾದ ಗಣಿತದ ಸಾಕ್ಷ್ಯ ಮೇಲುನೋಟಕ್ಕೆ ತೋರುವಷ್ಟು ಬಲವಾದುದಲ್ಲ.

ಹಾಗೆಂದು 1028ನ್ನು ಒಪ್ಪುವಂತಿಲ್ಲ. ಅಡ್ಡ ಬರುವುದು ಪಂಚಾಂಗವಲ್ಲ, ಕಾವ್ಯ. ರನ್ನನ ಅಜಿತಪುರಾಣ ಶಕ 915ರ ವಿಜಯ ಸಂವತ್ಸರದಲ್ಲಿ, ಎಂದರೆ ಕ್ರಿ.ಶ. 993ರಲ್ಲಿ ಮುಗಿದ ಕೃತಿ. ಅದರಲ್ಲಿ ಅತ್ತಿಮಬ್ಬೆ ಬೆಟ್ಟವೇರಿ ಕುಕ್ಕುಟೇಶ್ವರ ಜಿನನ ದರ್ಶನ ಪಡೆದ ಪ್ರಸಂಗವಿದೆ. ಕುಕ್ಕುಟೇಶ್ವರನೆಂದರೆ ಬೆಳಗೊಳದ ಗೊಮ್ಮಟನೇ ಎಂಬುದು ಸರ್ವಸಮ್ಮತ. ರನ್ನ ಚಾವುಂಡರಾಯನ ಆಶ್ರಯ ಪಡೆದವನು, ಅತ್ತಿಮಬ್ಬೆ ಅವನ ಪೋಷಕಳು. ಇಷ್ಟು ಹತ್ತಿರದ ಸಾಕ್ಷಿಯನ್ನು ಬದಿಗಿರಿಸಿ ಶತಮಾನಗಳಾಚೆಯ ಚರಿತೆಯೊಂದರ ಸಂವತ್ಸರವನ್ನು ನಂಬುವುದು ಸಾಧುವಲ್ಲ. ಪ್ರತಿಷ್ಠೆ 993ಕ್ಕೆ ಮೊದಲೇ ನಡೆದಿರಬೇಕು.

ಇನ್ನೊಂದು ತುದಿಯ ಮಿತಿಯನ್ನು ಸ್ವತಃ ಚಾವುಂಡರಾಯನ ಗ್ರಂಥದಿಂದ ಪಡೆಯುವುದು ವಾಡಿಕೆ. ಶಕ 900ರ ಈಶ್ವರ ಸಂವತ್ಸರದಲ್ಲಿ, ಕ್ರಿ.ಶ. 978ರಲ್ಲಿ, ಪೂರ್ಣಗೊಂಡ ಚಾವುಂಡರಾಯಪುರಾಣದಲ್ಲಿ ಈ ವಿಗ್ರಹದ ಮಾತೇ ಇಲ್ಲ. ತನ್ನ ಬಿರುದುಗಳನ್ನು ಉತ್ಸಾಹದಿಂದ ಪಟ್ಟಿಮಾಡಿಕೊಳ್ಳುವ ಈ ಗಂಗ ಮಂತ್ರಿ ಇಂಥ ಮಹಾಕಾರ್ಯವನ್ನು ಮರೆಮಾಚುವನೇ ಎಂಬುದು ವಾದ. ಮೌನವನ್ನು ಆಧರಿಸಿದ ವಾದವಾದ್ದರಿಂದ ಇದಕ್ಕೆ ರನ್ನನ ಸಾಕ್ಷ್ಯದ ತೂಕವಿಲ್ಲ. ಆದರೂ ಬೇರೆ ಆಧಾರ ದೊರೆಯುವವರೆಗೆ 978 ಮತ್ತು 993ರ ನಡುವಣ ಅವಧಿ ಎನ್ನಬಹುದೇ ಹೊರತು ಒಂದು ವರ್ಷವನ್ನು, ಅದರಲ್ಲೂ ಒಂದು ದಿನವನ್ನು, ಖಚಿತವಾಗಿ ಹೇಳಲಾಗದು. ಸುಮಾರು 1180ರ ಬೊಪ್ಪಣನ ಶಾಸನಕಾವ್ಯ ಗೊಮ್ಮಟನ ಮಹಿಮೆಯನ್ನೂ ಚಾವುಂಡರಾಯನ ಸಾಹಸವನ್ನೂ ವಿಸ್ತಾರವಾಗಿ ಬಣ್ಣಿಸಿದರೂ ಪ್ರತಿಷ್ಠೆಯ ದಿನವನ್ನು ಹೇಳುವುದಿಲ್ಲ.

ಈ ಚರ್ಚೆ ಹೊರನಾಡಿನ, ವಿಶೇಷವಾಗಿ ಮುಂಬಯಿ, ಪುಣೆಗಳ ಸಂಶೋಧಕರಿಗೆ ಇನ್ನೊಂದು ಕಾರಣದಿಂದ ಪ್ರಸ್ತುತ. ವಿಗ್ರಹದ ಪಾದದ ಬಳಿ ಚಾವುಂಡರಾಯನು ಅದನ್ನು ಮಾಡಿಸಿದನೆಂಬ ವಿಷಯ ಕನ್ನಡ, ತಮಿಳು, ಮರಾಠಿ ಮೂರು ಭಾಷೆಗಳಲ್ಲಿದೆ. ಅದರ ಮರಾಠಿ ಸಾಲನ್ನು ಆ ಭಾಷೆಯ ಮೊದಲ ಶಾಸನವೆಂದು ಎಣಿಸಿ, ಅದಕ್ಕೆ 983 ಎಂಬ ವರ್ಷವನ್ನು ಕೊಡುವ ಪುಸ್ತಕಗಳು ಹಲವು. ಆ ಸಾಲಿನಲ್ಲಿ ಕಾಲವೇ ಉಲ್ಲೇಖಗೊಂಡಿಲ್ಲ. ವಿಗ್ರಹದ ಊಹಿತ ವರ್ಷ ಅಕ್ಷರಗಳಿಗೂ ಅಂಟಿಕೊಂಡಿದೆ, ಅಷ್ಟೆ. ಪಕ್ಕದಲ್ಲಿಯೇ ನಾಗರಿ ಲಿಪಿಯ ಇನ್ನೊಂದು ಸಾಲು, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಸುತ್ತಾಲಯವನ್ನು ಮಾಡಿಸಿದ ಸಂಗತಿಯನ್ನು ಹೇಳುತ್ತದೆ. ಇದು ಹನ್ನೆರಡನೆಯ ಶತಮಾನದ ಆರಂಭದ್ದು. ಎರಡೂ ನಾಗರಿ ಸಾಲುಗಳು ಗಂಗರಾಜನ ಕಾಲದಲ್ಲಿಯೇ ಒಟ್ಟಿಗೆ ಕೆತ್ತಲ್ಪಟ್ಟವೆಂಬ ಅಭಿಪ್ರಾಯವೂ ಇದೆ. ಅದು ನಿಜವಾದರೆ, ಶಕ 934 ಎಂದು ಓದಲಾಗಿರುವ ರಾಯಗಡ ಜಿಲ್ಲೆಯ ಅಕ್ಷಿಯ ಶಾಸನ ಬೆಳಗೊಳದ ಸಾಲಿಗಿಂತ ಹಳೆಯದಾಗುತ್ತದೆ. ಅಕ್ಷಿಯ ಅಂಕಿಗಳ ಓದೂ ವಿವಾದಾತೀತವಲ್ಲ ಎಂಬುದು ಬೇರೆ ಮಾತು. ಪ್ರತಿಷ್ಠೆಯ ವರ್ಷವನ್ನು ಎಷ್ಟು ಚರ್ಚಿಸಿದರೂ ಈ ಪ್ರಶ್ನೆ ಬಗೆಹರಿಯದು. ಬೆಳಗೊಳದ ನಾಗರಿ ಅಕ್ಷರಗಳನ್ನು ಕೊಂಕಣದ ಶಿಲಾಹಾರರ ಕಾಲನಿರ್ದಿಷ್ಟ ಶಾಸನಗಳ ಅಕ್ಷರಗಳೊಡನೆ ಒಂದೊಂದಾಗಿ ಹೋಲಿಸುವ ಕೆಲಸ ಆಗಬೇಕಾಗಿದೆ. ಎರಡೂ ಭಾಷೆ ಬಲ್ಲ ಹೊರನಾಡಿನ ಕನ್ನಡ ಸಂಶೋಧಕರು ಅದಕ್ಕೆ ಹೆಚ್ಚು ಅರ್ಹರು.