ಹೊಳೆ ದಾಟಿದವನು, ಕಡಲು ದಾಟಿದವನು

ವೀಕೆಂಡಿಗೆ ಕೊಡಗಿಗೆ ಹೋಗುವವರು ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ ಬಿಟ್ಟು ಕಾವೇರಿ ಸೇತುವೆ ದಾಟಿದ್ದನ್ನ ಗಮನಿಸೋದೇ ಇಲ್ಲ. 1881ರಲ್ಲಿ ಅದು ಗಡಿ: ಈಚೆ ಒಡೆಯರ ಮೈಸೂರು, ಆಚೆ ಬ್ರಿಟಿಷರ ಕೊಡಗು. ಹುಣಸೂರಿನ ಕಾಡಂಚಿನದೂ ಅದೇ ಕಥೆ. ಎಚ್.ಡಿ. ಕೋಟೆಯ ಆಚೆ ಬ್ರಿಟಿಷ್ ವಯನಾಡು.

ಆ ವರ್ಷ ಒಡೆಯರಿಗೆ ರಾಜ್ಯ ಮರಳಿಸುವಾಗ ಬ್ರಿಟಿಷರು ಒಂದು ಷರತ್ತು ಹಾಕಿದರು. ತಮ್ಮ ಸೀಮೆಯಲ್ಲಿ ಅಪರಾಧದ ಆರೋಪ ಹೊತ್ತು ಇತ್ತ ಓಡಿಬಂದವನನ್ನು, ರೆಸಿಡೆಂಟ್ ಕೇಳಿದರೆ, ಮಹಾರಾಜರು ಹಿಡಿದೊಪ್ಪಿಸಬೇಕು. ತಮಾಷೆ ಅಂದ್ರೆ, ಆ ರೆಸಿಡೆಂಟೇ ಕೊಡಗಿನ ಚೀಫ್ ಕಮಿಷನರ್ ಕೂಡ! ‘ಇಷ್ಟು ವರ್ಷ ಸುಮ್ಮನಿದ್ದು ಈಗ್ಯಾಕೆ ಸ್ವಾಮಿ?’ ಅನ್ನೋದಕ್ಕೆ ಷರತ್ತಿನಲ್ಲಿ ಜಾಗವಿರಲಿಲ್ಲ.

ನನ್ನನ್ನು ಕಾಡುವುದು ಇದು: ಅದೇ 1881ರಲ್ಲಿ ಲಂಡನ್ನಿನ ಪಾರ್ಲಿಮೆಂಟು, ಸಾಮ್ರಾಜ್ಯದೊಳಗೆ ಕಡಲು ದಾಟಿ ಓಡಿದವರಿಗೆ ಬೇರೆ ಕಾಯ್ದೆ ಮಾಡಿತು. ವಾಪಸ್ ಕಳಿಸೋದು ಅನ್ಯಾಯ ಅನಿಸಿದರೆ ಕೋರ್ಟು ಬಿಟ್ಟುಬಿಡಬಹುದು. 1967ರ ಕಾಯ್ದೆ ‘ಬಹಳ ಕಾಲ ಕಳೆದಿದೆ’ ಎಂಬ ಕಾರಣವನ್ನೂ ಸೇರಿಸಿತು. 1978ರಲ್ಲಿ, ಸೈಪ್ರಸ್ಸಿನ ಕಾಕಿಸ್ ಪ್ರಕರಣದಲ್ಲಿ, ಲಾರ್ಡ್ ಡಿಪ್ಲಾಕ್ ಅದಕ್ಕೆ ಬೇಲಿ ಹಾಕಿದರು: ತಾನೇ ತಲೆಮರೆಸಿಕೊಂಡು ಆದ ತಡವನ್ನು ಆರೋಪಿ ನೆಪ ಮಾಡುವಂತಿಲ್ಲ. ಆದರೂ ಕಾಕಿಸ್ ಗೆದ್ದ; ಆಮೇಲಿನ ತಡ ಅವನದಾಗಿರಲಿಲ್ಲ.

ಕೊಪ್ಪಕ್ಕೆ ಓಡಿಬಂದವನ ವಿಷಯದಲ್ಲಿ ತಡ ಯಾರದು ಅಂತ ಕೇಳಬೇಕೆಂದು ಆ ಷರತ್ತು ಹೇಳಲೇ ಇಲ್ಲ.