ಮಕ್ಕಳಿಗೆ ಆಕಾರ ಪರಿಚಯ: ಮಂದ್ರೂಪ ಭಾಗದ ಪಾಲಕರಿಗೆ, ಶಿಕ್ಷಕರಿಗೆ

ಮಂದ್ರೂಪ, ಅಕ್ಕಲಕೋಟ ಕಡೆಯ ಮಗುವಿಗೆ ರೊಟ್ಟಿ ತೋರಿಸಿದರೂ ‘ದುಂಡಗ ಐತಿ’ ಅನ್ನುತ್ತದೆ, ಶೇಂಗಾ ಉಂಡಿ ತೋರಿಸಿದರೂ ‘ದುಂಡಗ ಐತಿ’ ಅನ್ನುತ್ತದೆ. ಮರಾಠಿಯಲ್ಲಿ ಕೇಳಿದರೂ ಎರಡಕ್ಕೂ ‘ಗೋಲ’ ಎಂಬ ಒಂದೇ ಉತ್ತರ. ಇದು ಮಗುವಿನ ತಪ್ಪಲ್ಲ, ಆಡುಮಾತು ಇರುವುದೇ ಹಾಗೆ. ವೃತ್ತ ಬೇರೆ, ಗೋಳ ಬೇರೆ ಎಂದು ತಿಳಿಸಿಕೊಡುವುದು ನಮ್ಮ ಕೆಲಸ.

ಹೆಚ್ಚಿನ ಕಡೆ ಮೊದಲು ಹಲಗೆಯ ಮೇಲೆ ವೃತ್ತ, ತ್ರಿಕೋನ, ಚೌಕ ಬರೆಯುತ್ತಾರೆ. ಘನಾಕೃತಿಗಳು ಆಮೇಲೆ. ಈ ಕ್ರಮ ತಿರುಗಬೇಕು ಎಂದು ನಮ್ಮ ಅಭಿಪ್ರಾಯ. ಮಗು ಮೊದಲು ಮುಟ್ಟುವುದು ಗೋಟಿ, ಡಬ್ಬಿ, ಇಟ್ಟಂಗಿಗಳನ್ನೇ. 1837ರಲ್ಲಿ ಜರ್ಮನಿಯಲ್ಲಿ ಶಿಶುವಿಹಾರ ಆರಂಭಿಸಿದ ಫ್ರೋಬೆಲ್ ಕೂಡ ಮಕ್ಕಳ ಕೈಗೆ ಮೊದಲು ಚೆಂಡು ಕೊಟ್ಟರು, ನಂತರ ಕಟ್ಟಿಗೆಯ ಗೋಳ, ಸಿಲಿಂಡರ್, ಘನ.

ಇದಕ್ಕೆ ಅಡುಗೆಮನೆಯೇ ಒಳ್ಳೆಯ ಶಾಲೆ. ಅವ್ವ ಜೋಳದ ಹಿಟ್ಟು ನಾದಿ ಉಂಡಿ ಮಾಡಿದಾಗ ಅದು ಗೋಳ. ಬಡಿಯುತ್ತ ಹೋದಂತೆ ಅಗಲವಾಗಿ ಅಂಚು ವೃತ್ತವಾಗುತ್ತದೆ. ಮಗುವಿಗೂ ಒಂದು ಸಣ್ಣ ಉಂಡಿ ಕೊಡಿರಿ. (ಹಿಟ್ಟು ಸ್ವಲ್ಪ ಹಾಳಾದೀತು, ಆಗಲಿ.) ಚಹಾಪುಡಿಯ ದುಂಡನೆಯ ಡಬ್ಬಿಯನ್ನು ಕಾಗದದ ಮೇಲಿಟ್ಟು ತಳದ ಸುತ್ತ ಗೆರೆ ಎಳೆಸಿದರೆ ವೃತ್ತ ಸಿಗುತ್ತದೆ, ಕಡ್ಡಿಪೆಟ್ಟಿಗೆ ಇಟ್ಟರೆ ಆಯತ. ಅದೇ ಕಡ್ಡಿಪೆಟ್ಟಿಗೆಯನ್ನು ನಿಲ್ಲಿಸಿ ಗೆರೆ ಎಳೆದರೆ ಬೇರೆ ಅಳತೆಯ ಆಯತ! ಚಪ್ಪಟೆ ಆಕಾರ ಎಂಬುದು ಘನವಸ್ತುವಿನ ಒಂದು ಮುಖ ಎಂದು ಇಲ್ಲಿ ತಾನಾಗಿ ಹೊಳೆಯುತ್ತದೆ. ಲೂಡೋ ದಾಳ ಕೊಟ್ಟು ಎಣಿಸಲು ಹೇಳಿರಿ: 6 ಮುಖ, 12 ಅಂಚು, 8 ಮೂಲೆ. ಬುಗುರಿ ಶಂಕುವಿಗೆ ಹತ್ತಿರದ್ದು.

ಒಂದು ಎಚ್ಚರಿಕೆ. ಚೌಕದ ಕಾಗದವನ್ನು ಮೂಲೆಯ ಮೇಲೆ ನಿಲ್ಲಿಸಿ ತೋರಿಸಿದರೆ ‘ಇದು ಚೌಕ ಅಲ್ರಿ, ಪತಂಗ’ ಎಂದು ಮಕ್ಕಳು ಹೇಳುವುದುಂಟು. ನೆದರ್ಲೆಂಡ್ಸ್‌ನ ಶಿಕ್ಷಕ ದಂಪತಿ ವಾನ್ ಹೀಲೆ 1957ರಲ್ಲಿ ವಿವರಿಸಿದ್ದು ಇದನ್ನೇ: ಮಗು ಮೊದಲು ಆಕಾರವನ್ನು ಒಟ್ಟು ನೋಟದಿಂದ ಗುರುತಿಸುತ್ತದೆ, ಬದಿ, ಮೂಲೆಗಳ ಗುಣ ಆಮೇಲೆ ತಿಳಿಯುತ್ತದೆ. ಆದ್ದರಿಂದ ಗದರಿಸಬೇಡಿರಿ. ಕಾಗದ ತಿರುಗಿಸಿ ‘ಬದಿ ಎಷ್ಟಾದವು?’ ಎಂದು ಕೇಳಿರಿ. ತ್ರಿಕೋನವನ್ನೂ ಯಾವಾಗಲೂ ತುದಿ ಮೇಲಾಗಿಯೇ ಬರೆಯಬಾರದು.

ಹೆಸರುಗಳ ಮಾತು. ನಮ್ಮ ಮಕ್ಕಳು ಶಾಲೆಯಲ್ಲಿ ವೃತ್ತ, ಚೌಕ ಕಲಿಯುತ್ತಾರೆ, ಪೇಟೆಯಲ್ಲಿ ವರ್ತುಳ, ಚೌರಸ ಕೇಳುತ್ತಾರೆ, ಮೊಬೈಲಿನಲ್ಲಿ ಸರ್ಕಲ್, ಸ್ಕ್ವೇರ್. ಮೂರೂ ಬರಲಿ. ಆದರೆ ವಸ್ತು ಕೈಯಲ್ಲಿರುವಾಗ ಮೊದಲ ಹೆಸರು ಮನೆಮಾತಿನದಾಗಿರಲಿ. ಅರ್ಥ ತಿಳಿಯದೆ ‘ಟ್ರೈಯಾಂಗಲ್’ ಒಪ್ಪಿಸುವ ಮಗುವನ್ನು ಕಂಡು ಹಿಗ್ಗುವ ಪಾಲಕರು ನಮ್ಮಲ್ಲಿ ಕಡಿಮೆಯಿಲ್ಲ.

ವಿಜಯಪುರಕ್ಕೆ ಸಹಲು ಹೋದಾಗ ಗೋಳಗುಮ್ಮಟವನ್ನು ದೂರದಿಂದಲೇ ತೋರಿಸಿರಿ. ಕೆಳಗೆ ಘನದಂಥ ಕಟ್ಟಡ, ನಾಲ್ಕು ಮೂಲೆಗೆ ಎಂಟು ಬದಿಯ ಗೋಪುರ, ಮೇಲೆ ಅರ್ಧ ಗೋಳ. ಒಳಗೆ ಹೋದ ಮೇಲೆ ಮಕ್ಕಳು ಕೂಗುವುದರಲ್ಲೇ ಇರುತ್ತಾರೆ, ಆಕಾರ ಯಾರೂ ನೋಡುವುದಿಲ್ಲ.