ಕಾಡಿಗೆ ಬೀಗ, ಕಾರ್ಖಾನೆಗೂ ಬೀಗ: ಭಾರತ ಮತ್ತು ಚೀನಾದ ಪ್ಲೈವುಡ್ ವ್ಯಾಪಾರ

ದೆಹಲಿಯ ಓಲ್ಡ್ ರಾಜಿಂದರ್ ನಗರ ದೇಶವಿಭಜನೆಯ ನಿರಾಶ್ರಿತರಿಗಾಗಿ ಎದ್ದ ಬಡಾವಣೆ. ಇವತ್ತು ಅದು ಯುಪಿಎಸ್‌ಸಿ ಪರೀಕ್ಷಾರ್ಥಿಗಳ ಊರು. ಒಂದು ಕೋಣೆಯನ್ನು ಎರಡು ಮಾಡುವ ಗೋಡೆಗೂ ಲೈಬ್ರರಿ ಮೇಜುಗಳ ನಡುವಿನ ಅಡ್ಡಕ್ಕೂ ಅಲ್ಲಿ ಪ್ಲೈವುಡ್ಡೇ ಗತಿ. ಅಂಥ ಹಲಗೆಯ ಕೊಯ್ದ ಅಂಚು ನೋಡಬೇಕು: ಒಳಗೆ ಬಿಳಿಚಿದ ಪಾಪ್ಲರ್ ಇಲ್ಲವೇ ನೀಲಗಿರಿಯ ಪದರಗಳು, ಮೇಲೆ ಕಾಗದದಷ್ಟು ತೆಳುವಾದ ಕೆಂಪು ‘ಫೇಸ್’. ಒಡಲು ಹರಿಯಾಣದ ಯಮುನಾನಗರದ ಸುತ್ತಿನ ಹೊಲಗಳಲ್ಲಿ ಬೆಳೆದದ್ದು, ಮುಖ ಹೆಚ್ಚಾಗಿ ಹಡಗಿನಲ್ಲಿ ಬಂದದ್ದು. ಚೀನಾದ ಲಿನ್ಯಿಯಲ್ಲಿ ತಯಾರಾಗುವ ಹಲಗೆಯ ಒಡಲೂ ಪಾಪ್ಲರೇ. ಹೀಗಿದ್ದೂ ಆ ದೇಶ ಜಗತ್ತಿಗೇ ಪ್ಲೈವುಡ್ ಮಾರಿತು. ಭಾರತ ತನ್ನ ಮನೆಮಟ್ಟಿಗೆ ಮಾಡಿಕೊಂಡಿತು. ಮರದ ಕೊರತೆಯೇ ಇದಕ್ಕೆ ಕಾರಣ ಎಂಬ ವಾಡಿಕೆಯ ಉತ್ತರ ದಾಖಲೆಗೆ ಒಗ್ಗುವುದಿಲ್ಲ.

ಕೊರತೆ ಎರಡೂ ಕಡೆ ಹೆಚ್ಚುಕಡಿಮೆ ಒಟ್ಟಿಗೇ ಬಂತು. 1996ರ ಡಿಸೆಂಬರ್ 12ರಂದು ಅರಣ್ಯ ರಕ್ಷಣೆಯ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈಶಾನ್ಯದ ಮರ ಹೊರಹೋಗುವುದನ್ನು ತಡೆಯಿತು. ಅರುಣಾಚಲದ ತಿರಪ್, ಚಾಂಗ್ಲಾಂಗ್‌ಗಳಲ್ಲೂ ಗಡಿಯಿಂದ 100 ಕಿಲೋಮೀಟರ್ ಒಳಗಿನ ಅಸ್ಸಾಮಿನಲ್ಲೂ ಸಾ ಮಿಲ್, ಪ್ಲೈವುಡ್ ಮಿಲ್‌ಗಳಿಗೆ ಬೀಗ ಬಿತ್ತು. 1998ರ ಯಾಂಗ್‌ಟ್ಸೆ ಪ್ರವಾಹದ ಬೆನ್ನಿಗೆ ಚೀನಾವೂ ನೈಸರ್ಗಿಕ ಕಾಡುಗಳಲ್ಲಿ ಕಡಿತ ನಿಲ್ಲಿಸತೊಡಗಿತು. ಆದರೆ ಮರುವರ್ಷವೇ ದಿಮ್ಮಿಗಳ ಆಮದು ಸುಂಕ ತೆಗೆದುಹಾಕಿತು, 2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಅಲ್ಲಿಯವರೆಗೆ ಇಂಡೋನೇಷ್ಯಾದಿಂದ ಪ್ಲೈವುಡ್ ತರಿಸುತ್ತಿದ್ದ ದೇಶ ಕೆಲವೇ ವರ್ಷಗಳಲ್ಲಿ ಅತಿದೊಡ್ಡ ರಫ್ತುದಾರನಾಯಿತು. ಭಾರತದ ಬಂದರುಗಳೇನೂ ಮುಚ್ಚಿರಲಿಲ್ಲ. ಕಾಂಡ್ಲಾಕ್ಕೂ ಮಂಗಳೂರಿಗೂ ದಿಮ್ಮಿಗಳು ಬರುತ್ತಲೇ ಇದ್ದವು. ಮುಚ್ಚಿದ್ದು ಮಿಲ್ಲಿನ ಬಾಗಿಲು. ಸುಪ್ರೀಂ ಕೋರ್ಟಿನ 2002ರ ಅಕ್ಟೋಬರ್ 29ರ ಆದೇಶದಂತೆ, ಕೋರ್ಟೇ ನೇಮಿಸಿದ ಕೇಂದ್ರ ಸಶಕ್ತ ಸಮಿತಿಯ ಅನುಮತಿಯಿಲ್ಲದೆ ಹೊಸ ಸಾ ಮಿಲ್, ವೆನಿಯರ್ (ಸುಲಿದ ತೆಳುಪದರ), ಪ್ಲೈವುಡ್ ಘಟಕ ತೆರೆಯುವಂತಿರಲಿಲ್ಲ. ಕಾಡು ಉಳಿಸಲು ಹೊರಟ ಕಾನೂನಿಗೆ ಹೊಲದ ಪಾಪ್ಲರ್ ಸುಲಿಯುವ ಯಂತ್ರವೂ ಕಾಡುಗಳ್ಳನ ಗರಗಸದಂತೆಯೇ ಕಂಡಿತು.

ಅಗ್ಗದ ಕೂಲಿ, ಸರ್ಕಾರದ ಬೆಂಬಲ, ದೊಡ್ಡ ಕಾರ್ಖಾನೆ ಇವೇ ಚೀನಾದ ಗುಟ್ಟು ಎನ್ನುವವರಿದ್ದಾರೆ. ಬೆಂಬಲದ ಮಾತು ನಿಜವೇ. ಕೂಲಿ ಯಮುನಾನಗರದಲ್ಲೇನೂ ದುಬಾರಿಯಲ್ಲ. ಲಿನ್ಯಿಯಲ್ಲೂ ಬಹಳಷ್ಟು ಕೆಲಸ ನಡೆದದ್ದು ಮನೆಯಂಗಳದಷ್ಟಿನ ಘಟಕಗಳಲ್ಲಿ. ತಿಳಿವಳಿಕೆಗೂ ಬರವಿರಲಿಲ್ಲ: ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ 1960ರ ದಶಕದ್ದು. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ತನ್ನ ಕಾಡು ಉಳಿಸಿಕೊಂಡ ಚೀನಾ ರಷ್ಯಾದ, ಆಗ್ನೇಯ ಏಷ್ಯಾದ ಕಾಡಿಗೆ ಕೊಡಲಿ ಕಳಿಸಿತು, ಅಂಥ ರಫ್ತನ್ನು ಗೆಲುವೆನ್ನಬೇಕೆ? ಎನ್ನಬೇಕಾಗಿಲ್ಲ. ಆದರೆ ಭಾರತದ ಕೈಯೂ ಶುಚಿಯಲ್ಲ. ನಮ್ಮ ಹಲಗೆಯ ಕೆಂಪು ಮುಖ ಬಹುಕಾಲ ಮ್ಯಾನ್ಮಾರ್‌ನ ಗರ್ಜನ್ ಮರದ್ದು. ಲೈಸೆನ್ಸಿನ ಬಿಗಿ ಹೊರಗಿನ ಕಾಡನ್ನು ಉಳಿಸಲಿಲ್ಲ, ಒಳಗಿನ ಉದ್ಯಮವನ್ನು ಬೆಳೆಯಗೊಡಲಿಲ್ಲ. 2009ರ ಹೊತ್ತಿಗೆ ಚೀನಾ, ಮಲೇಷ್ಯಾ ಮೊದಲಾದ ಕಡೆಯ ಎಂಡಿಎಫ್ (ಮರದ ನಾರಿನ ಹಲಗೆ) ಮೇಲೆ ಭಾರತ ಆ್ಯಂಟಿ-ಡಂಪಿಂಗ್ ಸುಂಕ ಹೇರಬೇಕಾಯಿತು.

ಮ್ಯಾನ್ಮಾರ್ 2014ರ ಏಪ್ರಿಲ್‌ನಲ್ಲಿ ದಿಮ್ಮಿ ರಫ್ತು ನಿಲ್ಲಿಸಿದಾಗ ಮುಖದ ಪದರಕ್ಕೆ ಬೇರೆ ಊರು ಹುಡುಕಬೇಕಾಯಿತು. ಅದು ಸಿಕ್ಕಿದ್ದು ಆಫ್ರಿಕಾದ ಗ್ಯಾಬೊನ್‌ನಲ್ಲಿ. ಅಲ್ಲಿನ ಒಕುಮೆ ಮರದ ದಿಮ್ಮಿಗಳಿಗೆ ಚೀನಾವೇ ದೊಡ್ಡ ಗಿರಾಕಿಯಾಗಿತ್ತು. 2010ರಲ್ಲೇ ಗ್ಯಾಬೊನ್ ದಿಮ್ಮಿ ರಫ್ತು ನಿಷೇಧಿಸಿ, ಮರ ಬೇಕಿದ್ದವರು ಇಲ್ಲೇ ಸುಲಿಯಿರಿ ಎಂದಿತು. ಭಾರತೀಯ ಕಂಪನಿಗಳು ಅಲ್ಲಿನ ಎನ್‌ಕೋಕ್ ವಿಶೇಷ ಆರ್ಥಿಕ ವಲಯದಲ್ಲಿ ವೆನಿಯರ್ ಕಾರ್ಖಾನೆ ಹಾಕಿದವು.